ಸುಣ್ಣಗೆಂಡೆಯ ಕರುಳು

ಸುಣ್ಣಗೆಂಡೆಗೆ ಹೊಟ್ಟೆಯೇ ಇಲ್ಲ ಎಂದು ನೀಲಗಂಗಾ ಹಡಪದ ಮೊದಲ ಸಲ ಹೇಳಿದಾಗ ದುರುಗಮ್ಮ ನಂಬಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಕೈಯನ್ನು ಅಲ್ಲಿಗೇ ನಿಲ್ಲಿಸಿ, "ಹೊಟ್ಟಿ ಇಲ್ಲದ ಜೀವ ಎಲ್ಲ್ಯಾರ ಇರ್ತದೇನ್ರಿ ಅಕ್ಕಾರ? ಹೊಟ್ಟಿ ಇಲ್ಲಂದ್ರ ಅದು ದಿನಾ ಯಾಕ ಬಾಯಿ ತೆರೀತದ?" ಎಂದು ಕೇಳಿದಳು.

"ಬಾಯಿ ಅದ, ಕರುಳು ಅದ. ನಡುವ ಚೀಲ ಇಲ್ಲ, ಅಷ್ಟೇ. ಗಂಟಲು ಮುಗಿದಲ್ಲೇ ಕರುಳು ಸುರು. ಗೆಂಡಿ ಜಾತಿಯ ಮೀನು ಎಲ್ಲಾ ಹಂಗ."

"ಹಂಗಿದ್ರ ಅದರ ಬಾಳೇವೇ ಚಲೋ. ತುಂಬಿಸೋ ಚಿಂತಿ ಇಲ್ಲ," ಎಂದು ದುರುಗಮ್ಮ ನಕ್ಕಳು. ನಕ್ಕಾಗ ಹಲ್ಲಿನ ಮೇಲಿನ ಕಂದು ಗೆರೆಗಳು ಕಂಡವು.

ಕಲ್ಮಡಗಿಯ ಸುತ್ತಮುತ್ತ ಎಲ್ಲರ ಹಲ್ಲಿನ ಮೇಲೂ ಆ ಗೆರೆಗಳಿದ್ದವು. ಕೊಳವೆಬಾವಿಯ ನೀರಿನಲ್ಲಿದ್ದ ಫ್ಲೋರೈಡ್ ಮೊದಲು ಹಲ್ಲಿಗೆ ಹತ್ತುತ್ತಿತ್ತು, ಆಮೇಲೆ ಮೂಳೆಗೆ. ನಲವತ್ತಕ್ಕೆ ಮೊಣಕಾಲು ಬಾಗುತ್ತಿದ್ದವು, ಐವತ್ತಕ್ಕೆ ಬೆನ್ನು. ದುರುಗಮ್ಮ ಆಗಲೇ ಗೋಡೆ ಹಿಡಿದು ಎದ್ದು ನಿಲ್ಲುತ್ತಿದ್ದಳು.

ಅವಳ ಗಂಡ ಸಾಬಣ್ಣ ಅಂಬಿಗೇರ ಮೀನು ಹಿಡಿಯುವವನು. ಊರ ಹೊರಗಿನ ಹಳ್ಳದಲ್ಲಿ ದೊಡ್ಡ ಬಂಡೆಗಳ ನಡುವೆ ಬೇಸಿಗೆಯಲ್ಲೂ ಬತ್ತದ ಒಂದು ಮಡು ಇತ್ತು. ನೆಲದಡಿಯ ಒರತೆಯಿಂದ ತುಂಬುವ ಆ ಮಡುವಿನಲ್ಲಿ ಫ್ಲೋರೈಡ್ ಕೊಳವೆಬಾವಿಗಿಂತಲೂ ಹೆಚ್ಚು. ಬೇರೆ ಮೀನು ತಂದು ಬಿಟ್ಟರೆ ವಾರದಲ್ಲಿ ಮೇಲೆ ತೇಲುತ್ತಿದ್ದವು. ಗೇಣುದ್ದದ, ಬೆಳ್ಳಿ ಮೈಯ ಸುಣ್ಣಗೆಂಡೆ ಮಾತ್ರ ಎಷ್ಟೋ ಕಾಲದಿಂದ ಅಲ್ಲೇ ಬದುಕಿತ್ತು. ಆ ಮಡು ಬಿಟ್ಟರೆ ಬೇರೆಲ್ಲೂ ಅದನ್ನು ಕಂಡವರಿರಲಿಲ್ಲ. ಅಂಥ ನೀರು ಕುಡಿದೂ ಅದರ ಮೂಳೆ ಹೇಗೆ ನೆಟ್ಟಗಿದೆ ಎಂಬುದು ನೀಲಗಂಗಾಳ ಪ್ರಶ್ನೆ. ಅದಕ್ಕಾಗಿಯೇ ಅವಳು ಜಿಲ್ಲಾ ಪಟ್ಟಣದ ಮೀನು ಸಂಶೋಧನಾ ಕೇಂದ್ರದಿಂದ ಬೇಸಿಗೆ ಬಂದರೆ ಕಲ್ಮಡಗಿಗೆ ಬರುತ್ತಿದ್ದಳು. ಸಾಬಣ್ಣ ಬಲೆ ಹಾಕಿ ಹಿಡಿದು ಕೊಡುತ್ತಿದ್ದ, ದುರುಗಮ್ಮ ರೊಟ್ಟಿ ತಿನ್ನಿಸದೆ ಕಳಿಸುತ್ತಿರಲಿಲ್ಲ.

ಅಂಗಾಂಶಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಓದುವುದು ನೀಲಗಂಗಾಳ ವಿದ್ಯೆ. ಕತ್ತರಿಸುವ ಕೈ ಖಾಜಾ ಹುಸೇನರದು. ಇಪ್ಪತ್ತಾರು ವರ್ಷದಿಂದ ಅವರು ಪ್ರಯೋಗಾಲಯದ ಸಹಾಯಕ. ಮೀನಿನ ಕರುಳಿನ ತುಂಡನ್ನು ಮೇಣದಲ್ಲಿ ಹುದುಗಿಸಿ, ಯಂತ್ರದ ಅಲಗಿಗೆ ಕೊಟ್ಟು, ಕೂದಲೆಳೆಯ ಹತ್ತರಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಸೀಳುತ್ತಿದ್ದರು. ಸೀಳು ಬಿಸಿನೀರಿನ ಮೇಲೆ ತೇಲುವಾಗ ಉಸಿರು ಬಿಗಿಹಿಡಿದು ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳುತ್ತಿದ್ದರು.

ಎರಡನೆಯ ಬೇಸಿಗೆಯಲ್ಲಿ ಅವಳಿಗೆ ಉತ್ತರ ಕಂಡಿತು. ಸುಣ್ಣಗೆಂಡೆಯ ಕರುಳಿನ ಒಳಪದರ ಎಲ್ಲ ಗೆಂಡೆಗಳಂತೆ ನಿರಿಗೆ ನಿರಿಗೆಯಾಗಿತ್ತು. ನಿರಿಗೆಗಳ ಅಂಚಿನಲ್ಲಿ ಲೋಳೆ ಸುರಿಸುವ ದುಂಡು ಕೋಶಗಳಿದ್ದವು. ಅವುಗಳ ನಡುವೆ, ಯಾವ ಪುಸ್ತಕದಲ್ಲೂ ಇಲ್ಲದ, ಎತ್ತರದ ಮತ್ತೊಂದು ಬಗೆಯ ಕೋಶಗಳು ಸಾಲಾಗಿ ನಿಂತಿದ್ದವು. ಸುಣ್ಣದ ಅಂಶ ಇದ್ದಲ್ಲಿ ಕೆಂಪೇರುವ ಬಣ್ಣ ಹಾಕಿದಾಗ ಅವುಗಳ ಒಳಗೆ ದಾಳಿಂಬೆ ಬಿಡಿಸಿಟ್ಟಂತೆ ಕಾಳುಗಳು ಹೊಳೆದವು. ನೀರಿನಲ್ಲಿ ಬಂದ ಫ್ಲೋರೈಡನ್ನು ಆ ಕೋಶಗಳು ಹಿಡಿದು, ಸುಣ್ಣದ ಜೊತೆ ಬೆಸೆದು, ಕರಗದ ಕಾಳಾಗಿ ಕೂಡಿಹಾಕುತ್ತಿದ್ದವು. ಮೂಳೆಯವರೆಗೆ ಹೋಗಲು ಬಿಡುತ್ತಲೇ ಇರಲಿಲ್ಲ. ಅವಳು ಅವಕ್ಕೆ ಕಾಳುಕೋಶ ಎಂದು ಹೆಸರಿಟ್ಟಳು.

ಮೂರು ಬೇಸಿಗೆಗಳಲ್ಲಿ ಅರವತ್ತಮೂರು ಮೀನು ಕತ್ತರಿಯ ಕೆಳಗೆ ಬಂದವು. ಕೊನೆಯ ಸಲ ಸಾಬಣ್ಣ ಡಬ್ಬಿ ಕೊಡುವಾಗ, "ಮಡು ತೆಳ್ಳಗಾಗ್ಯಾದ್ರಿ ಮೇಡಂ," ಎಂದಿದ್ದ. ಇನ್ನು ನಾಲ್ಕೇ ಸಾಕು ಎಂದು ಅವಳು ಹೇಳಿದ್ದಳು. ಅವನು ತಂದುಕೊಟ್ಟಿದ್ದ.

ಆ ಅರವತ್ತಮೂರರಲ್ಲಿ ನಲವತ್ತೊಂದನೆಯದು ಬೇರೆ. ಅದನ್ನು ಕೊಲ್ಲದೆ ಕೇಂದ್ರದ ಗಾಜಿನ ತೊಟ್ಟಿಯಲ್ಲಿ, ಯಾವಾಗಲೂ ಒಂದೇ ಹದಕ್ಕೆ ಬೆಚ್ಚಗಿಟ್ಟ ಮಡುವಿನ ನೀರಿನಲ್ಲಿ, ವರ್ಷದ ಮೇಲೆ ಸಾಕಿದ್ದರು. ಒಂದು ಬೆಳಿಗ್ಗೆ ಅದು ಸತ್ತಿತ್ತು. ಅದರ ಕರುಳಿನ ಸ್ಲೈಡ್ ನೋಡಿದಾಗ ನೀಲಗಂಗಾಳಿಗೆ ಇರಿಸುಮುರಿಸಾಯಿತು. ಕಾಳುಕೋಶಗಳು ಹರಿದು ಚಿಂದಿಯಾಗಿದ್ದವು. ಒಂದು ಕಾಳೂ ಉಳಿದಿರಲಿಲ್ಲ.

"ಅಂಗಾಂಶ ಕೆಡದಂಗ ಇಡೋ ದ್ರಾವಣದಾಗ ಆಮ್ಲ ಇರ್ತದಲ್ಲ, ಅದೇ ಕಾಳು ಕರಗಿಸ್ಯಾದ," ಎಂದಳು ಅವಳು.

ಖಾಜಾಸಾಹೇಬರು, "ಆಮ್ಲದ್ದಲ್ರಿ ಮೇಡಂ. ಅವತ್ತು ಆ ದ್ರಾವಣ ಮುಗಿದಿತ್ತು. ಇದನ್ನ ಆಮ್ಲ ಇಲ್ಲದ ಫಾರ್ಮಲಿನ್‌ನಾಗ ಹಾಕೀನಿ," ಎಂದರು.

"ಹಂಗಾದ್ರ ಸತ್ತ ಮ್ಯಾಲ ಕೊಳತಿರಬೇಕು."

"ನಾ ತೆಗಿಯೋವಾಗ ಕಿವಿರು ಇನ್ನ ಕೆಂಪಗಿದ್ವು."

"ರಿಜಿಸ್ಟರಿನ್ಯಾಗ ಇದರ ಮುಂದ ಏನೂ ಬರೀಬ್ಯಾಡ್ರಿ," ಎಂದಳು ಅವಳು. ಸ್ಲೈಡನ್ನು ಬೇರೆ ಪೆಟ್ಟಿಗೆಗೆ ಹಾಕಿದಳು. ಲೇಖನದಲ್ಲಿ ಅರವತ್ತೆರಡು ಮೀನುಗಳ ಬಗ್ಗೆ ಬರೆದಳು. ಒಂದು ಹಾಳಾದ ಸ್ಲೈಡಿಗಾಗಿ ಮತ್ತೊಂದು ವರ್ಷ ಕಾದರೆ ದುರುಗಮ್ಮನಂಥವರ ಮೊಣಕಾಲು ಕಾಯುತ್ತವೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ತನ್ನ ಹೆಸರು ಬೇಗ ಅಚ್ಚಿನಲ್ಲಿ ಕಾಣಬೇಕೆಂಬ ಆಸೆಯೂ ಅದರೊಳಗೆ ಇತ್ತು. ಆ ಆಸೆ ಎಷ್ಟು ಪಾಲು ಎಂದು ಅವಳು ಆಗ ಅಳೆದು ನೋಡಲಿಲ್ಲ.

ಮುಂದಿನದ್ದು ಬೇಗ ಬೇಗ ನಡೆಯಿತು. ಕೇಂದ್ರದ ನಿರ್ದೇಶಕ ಡಾಕ್ಟರ್ ಮುರಗೋಡ ಕಾಳುಕೋಶಗಳನ್ನು ಮೀನಿನ ಹೊರಗೇ ಬೆಳೆಸುವ ದಾರಿ ಹುಡುಕಿದರು. ತೆಳ್ಳನೆಯ ಬಲೆಯ ಮೇಲೆ ಹಾಸಿನಂತೆ ಬೆಳೆದ ಜೀವಂತ ಕೋಶಗಳು. ಆ ಹಾಸನ್ನು ಸುರುಳಿ ಸುತ್ತಿ ಗಡಿಗೆಯೊಂದರಲ್ಲಿ ಇಟ್ಟರೆ ಮೇಲೆ ಸುರಿದ ನೀರು ಕೆಳಗೆ ಶುದ್ಧವಾಗಿ ಇಳಿಯುತ್ತಿತ್ತು. ಕರೆಂಟು ಬೇಡ, ಯಂತ್ರ ಬೇಡ. ಎರಡು ವರ್ಷ ಪರೀಕ್ಷೆ ಮಾಡಿದರು, ಒಂದು ದೋಷವೂ ಕಾಣಲಿಲ್ಲ. ಮೊದಲ ವರ್ಷವೇ ಮೂವತ್ತೊಂದು ಹಳ್ಳಿಗಳ ಮೂರು ಸಾವಿರದ ನಾನೂರು ಮನೆಗಳಿಗೆ ಹಂಚಿದರು. ಸರ್ಕಾರಿ ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಜನ ಅದನ್ನು ಕರುಳಗಡಿಗಿ ಎಂದು ಕರೆದರು.

ಜೀವ ಇರುವ ಗಡಿಗೆಗೆ ಊಟ ಬೇಕು. ಸೋಮವಾರಕ್ಕೊಮ್ಮೆ ಒಂದು ಚಮಚ ಬೆಲ್ಲದ ನೀರು, ಒಂದು ಚಿಟಿಕೆ ಸುಣ್ಣ. ದುರುಗಮ್ಮ ಅದಕ್ಕೆ ಹಾಕದೆ ತಾನು ಉಣ್ಣುತ್ತಿರಲಿಲ್ಲ. ಹಬ್ಬದ ದಿನ ಗಡಿಗೆಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದಳು. ಊರು ಬಿಟ್ಟು ಹೋಗುವವರು ಪಕ್ಕದ ಮನೆಯವರಿಗೆ, "ದನಕ್ಕ ಮೇವು, ಗಡಿಗಿಗಿ ಬೆಲ್ಲ," ಎಂದು ಹೇಳಿ ಹೋಗುತ್ತಿದ್ದರು. ಹೆಣ್ಣು ಕೇಳಲು ಬಂದವರು ಮನೆಯಲ್ಲಿ ಕರುಳಗಡಿಗಿ ಇದೆಯೋ ಎಂದು ಮೊದಲು ವಿಚಾರಿಸುತ್ತಿದ್ದರು. ಏಳನೆಯ ವರ್ಷದ ಹೊತ್ತಿಗೆ ಶಾಲೆಯ ಒಂದನೆಯ ತರಗತಿಯ ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಗೆರೆ ಇಲ್ಲದ ಹಲ್ಲು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿ ತೆಗೆದ ಚಿತ್ರವನ್ನು ಯಾರೋ ಕಳಿಸಿದ್ದರು. ನೀಲಗಂಗಾ ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಳು.

ಆ ವರ್ಷದ ಯುಗಾದಿಯ ದಿನ ದುರುಗಮ್ಮ ಫೋನು ಮಾಡಿ, "ಗಡಿಗಿ ಮೈ ತುಂಬ್ಕೊಂಡದ್ರಿ ಅಕ್ಕಾರ. ಮೊದಲ ಒಂದ ಕೈಲೆ ಎತ್ತತಿದ್ದೆ. ಈಗ ಎರಡೂ ಕೈ ಬೇಕು," ಎಂದು ನಕ್ಕಿದ್ದಳು.

ನೀಲಗಂಗಾಳೂ ನಕ್ಕಳು. ಫೋನು ಕೆಳಗಿಟ್ಟ ಮೇಲೆ ಅವಳಿಗೆ ಒಂದು ಕ್ಷಣ ಅನ್ನಿಸಿತು: ತೂಕ ಹೆಚ್ಚುತ್ತಲೇ ಇದೆ ಎಂದರೆ ಕಾಳು ಕೂಡುತ್ತಲೇ ಇದೆ, ಅಷ್ಟು ಕಾಳನ್ನು ಮೀನು ಹೇಗೆ ಹೊತ್ತುಕೊಂಡಿರುತ್ತದೆ? ಯಾರೋ ಸಹಿಗಾಗಿ ಕಡತ ತಂದರು. ಅವಳು ಸಹಿ ಮಾಡಿದಳು.

ಮೇ ತಿಂಗಳ ಎರಡನೆಯ ವಾರ, ಬೆಳಗಿನ ಹತ್ತು ಗಂಟೆಗೆ, ಸಾಬಣ್ಣ ಜಿಲ್ಲಾ ಪಟ್ಟಣದ ಆಸ್ಪತ್ರೆಯಿಂದ ಫೋನು ಮಾಡಿದ. ಅವನು ನಾಲ್ಕು ದಿನ ಆಣೆಕಟ್ಟೆಯ ಕಡೆ ಮೀನಿಗೆ ಹೋಗಿದ್ದ. ಮನೆಗೆ ಬಂದಾಗ ದುರುಗಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದಳು. ವಾಂತಿ, ಹೊಟ್ಟೆನೋವು. "ಕೈ ಸೆಟದಾವ್ರಿ ಮೇಡಂ. ಬೆರಳು ಬಿಚ್ಚವಲ್ಲವು," ಎಂದ.

ಕೇಂದ್ರದಿಂದ ಆಸ್ಪತ್ರೆ ಹತ್ತು ನಿಮಿಷದ ದಾರಿ. ನೀಲಗಂಗಾ ಹೋದಾಗ ದುರುಗಮ್ಮನ ಬೆರಳುಗಳು ಹಕ್ಕಿಯ ಕೊಕ್ಕಿನಂತೆ ಒಟ್ಟುಗೂಡಿ ಬಿಗಿದಿದ್ದವು. ರಕ್ತದಲ್ಲಿ ಸುಣ್ಣದ ಅಂಶ ಒಮ್ಮೆಲೇ ಬಸಿದುಹೋಗಿದೆ, ಒಂದೇ ಸಲಕ್ಕೆ ಬಹಳ ಫ್ಲೋರೈಡ್ ಹೊಟ್ಟೆಗೆ ಹೋದರೆ ಹೀಗಾಗುತ್ತದೆ ಎಂದರು ಡಾಕ್ಟರು. "ಇವರು ಏನು ಕುಡಿದಿದ್ದರು?" ಎಂದು ಕೇಳಿದರು.

ನೀಲಗಂಗಾ ಮಂಚದ ಕಡೆ ಬಾಗಿದಳು.

ದುರುಗಮ್ಮ ಅವಳನ್ನು ಗುರುತು ಹಿಡಿದಳು. ತುಟಿ ಅದುರುತ್ತಿದ್ದವು. "ಅಕ್ಕಾರ, ಈ ಸೋಮವಾರ ಗಡಿಗಿಗಿ ಬೆಲ್ಲ ಹಾಕಿಲ್ರಿ. ಹಸಗೊಂಡಿರ್ತದ," ಎಂದಳು.

ಮಧ್ಯಾಹ್ನ ಮೂರಕ್ಕೆ ಅವಳು ತೀರಿಕೊಂಡಳು. ಹೃದಯದ ಬಡಿತ ತಪ್ಪಿ ನಿಂತಿತು ಎಂದರು. ಸಾಬಣ್ಣ ಅಳಲಿಲ್ಲ. ಹೆಣ ಊರಿಗೆ ಸಾಗಿಸಲು ಗಾಡಿ ಹುಡುಕಬೇಕಿತ್ತು, ನೆಂಟರಿಗೆ ತಿಳಿಸಬೇಕಿತ್ತು. ಅವನು ಅದರಲ್ಲೇ ತಿರುಗಾಡುತ್ತಿದ್ದ. ಮಣ್ಣು ಮುಗಿದ ಮರುದಿನ ಅವನ ಮನೆಯ ಕರುಳಗಡಿಗಿ ಕೇಂದ್ರಕ್ಕೆ ಬಂತು.

ನೀಲಗಂಗಾ ಮತ್ತು ಖಾಜಾಸಾಹೇಬರು ಅದನ್ನು ಮೇಜಿನ ಮೇಲೆ ಇಟ್ಟು ಬಿಚ್ಚಿದರು. ಸುರುಳಿ ಹಗುರವಾಗಿತ್ತು. ಏಳು ವರ್ಷ ತುಂಬಿಕೊಂಡಿದ್ದ ತೂಕ ಎಲ್ಲಿಗೋ ಹೋಗಿತ್ತು. ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಖಾಜಾಸಾಹೇಬರು ಒಂದು ತುಂಡು ಕತ್ತರಿಸಿ, ಸೀಳು ತೆಗೆದು, ಬಣ್ಣ ಹಾಕಿ ಕೊಟ್ಟರು. ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ಚಿಂದಿಯಾದ ಕೋಶಗಳು, ಖಾಲಿ ಗೂಡುಗಳು. ಕಾಳು ಒಂದೂ ಇಲ್ಲ.

ಅವಳು ಕಣ್ಣು ತೆಗೆಯುವ ಮೊದಲೇ ಅವರು ಕಪಾಟಿನ ಕೆಳಗಿನ ಅರೆಯಿಂದ ಆ ಬೇರೆ ಪೆಟ್ಟಿಗೆ ತಂದು ಪಕ್ಕದಲ್ಲಿ ಇಟ್ಟಿದ್ದರು. ನಲವತ್ತೊಂದನ್ನು ತೆಗೆದು ಹೊಸದರ ಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ. ಬೇಸರವಿಲ್ಲದೆ ಕೂಡಿಡುತ್ತ ಹೋದ ಕೋಶಕ್ಕೆ ಒಂದು ಮಿತಿ ಇತ್ತು. ಮೀನಿನ ಪುಟ್ಟ ಕರುಳು ವರ್ಷದಲ್ಲೇ ಆ ಮಿತಿ ಮುಟ್ಟಿತ್ತು, ಗಡಿಗೆಯ ಅಗಲವಾದ ಹಾಸು ಏಳು ವರ್ಷದಲ್ಲಿ. ಮಿತಿ ಮುಟ್ಟಿದ ಮೇಲೆ ಕೋಶ ಸಾಯುತ್ತಿತ್ತು, ಸಾಯುವಾಗ ಒಳಗೆ ಹುಳಿಯಾಗುತ್ತಿತ್ತು, ಆ ಹುಳಿ ಕಾಳನ್ನೆಲ್ಲ ಕರಗಿಸಿ ಎರಡು ಮೂರು ದಿನದಲ್ಲಿ ನೀರಿಗೆ ಬಿಟ್ಟುಬಿಡುತ್ತಿತ್ತು. ತೊಟ್ಟಿಯ ಮೀನು ಅದರಿಂದಲೇ ಸತ್ತಿತ್ತು.

"ನೀವು ಅವತ್ತೇ ಹೇಳಿದ್ರಿ," ಎಂದಳು.

"ನಾನೂ ಒಮ್ಮೆ ಹೇಳಿ ಸುಮ್ಮನಾದೆ ಮೇಡಂ," ಎಂದರು ಖಾಜಾಸಾಹೇಬರು. "ಎರಡನೇ ಸಲ ಹೇಳಬೇಕಾಗಿತ್ತು."

ಅವರು ತನ್ನ ಪಾಲಿನ ಭಾರ ಹಂಚಿಕೊಳ್ಳಲು ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಅದರಿಂದ ಭಾರ ಕಡಿಮೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ್ ಮುರಗೋಡ ಎರಡೂ ಸ್ಲೈಡ್ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ಮುಖ ಬಿಳಿಚಿಕೊಂಡಿತ್ತು. "ನೋಡ್ರಿ ನೀಲಗಂಗಾ, ಒಂದು ಗಡಿಗೆ ಕೆಟ್ಟದ್ದಕ್ಕ ಎಲ್ಲಾ ಕೆಟ್ಟಾವ ಅಂತ ಹೇಳಾಕ ಬರೂದಿಲ್ಲ. ಈಗ ಬಾಯಿಬಿಟ್ಟರ ಮೂರು ಸಾವಿರ ಮನಿಯವರು ಗಡಿಗೆ ಒಡದು ಹಾಕತಾರ. ಮತ್ತ ಬೋರಿನ ನೀರು ಕುಡೀತಾರ. ಎರಡು ತಿಂಗಳ ತನಿಖೆ ಮಾಡೋಣ, ಆಮೇಲೆ ಹೇಳೋಣ."

"ಎಲ್ಲಾ ಒಂದೇ ವರ್ಷದ ಗಡಿಗಿ, ಸರ್. ಎರಡು ತಿಂಗಳು ಅವು ಕಾಯಂಗಿಲ್ಲ."

ಮುರಗೋಡರು ಕಿಟಕಿಯ ಕಡೆ ತಿರುಗಿ, "ಸ್ಲೈಡಿನ ರಿಜಿಸ್ಟರ್ ಖಾಜಾನ ಕೈಬರಹ. ನಲವತ್ತೊಂದರ ಮುಂದ ಏನೂ ಬರದಿಲ್ಲ. ಹಂಗs ಇರಲಿ ಬಿಡ್ರಿ. ನಿಮ್ಮ ಹೆಸರು ಯಾಕ ಬರಬೇಕು?" ಎಂದರು.

"ಅವರು ನನಗ ಹೇಳಿದ್ರು, ಸರ್. ಬರೀಬ್ಯಾಡ್ರಿ ಅಂತ ನಾನೇ ಅಂದಿದ್ದೆ."

ಅಷ್ಟು ಹೇಳಿ ಅವಳು ಹೊರಗೆ ಬಂದಳು. ಖಾಜಾಸಾಹೇಬರು ನೀರು ಪರೀಕ್ಷೆಯ ಪಟ್ಟಿಗಳ ಡಬ್ಬಿ ಚೀಲಕ್ಕೆ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಇಬ್ಬರೂ ಕಲ್ಮಡಗಿಯ ಬಸ್ಸು ಹತ್ತಿದರು.

ಸಾಬಣ್ಣ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಹೆಂಗಸರ ಮಾತು ಕೇಳುತ್ತಿತ್ತು. ನೀಲಗಂಗಾ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನನ್ನು ಕಂಡ ಮೇಲೆ ಅದೆಲ್ಲ ಮರೆತುಹೋಯಿತು. ನಿಂತುಕೊಂಡೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂದು ಮೀನು ಸತ್ತಿತ್ತು. ಗಡಿಗೆ ಹೀಗೆ ಮಾಡಬಹುದು ಎಂದು ಅದು ತೋರಿಸಿತ್ತು. ತನಗೆ ಅನುಮಾನ ಬಂದಿತ್ತು. ಅದನ್ನು ಅವಳೇ ಮುಚ್ಚಿಟ್ಟಿದ್ದಳು.

ಸಾಬಣ್ಣ ಇಬ್ಬರ ಮುಖವನ್ನೂ ನೋಡಿ ಕೇಳಿದ:

"ಯಾರ್ಯಾರಿಗಿ ಗೊತ್ತಿತ್ತು?"

"ನನಗ. ಇವರು ನನಗ ಎಚ್ಚರಿಕೆ ಕೊಟ್ಟಿದ್ರು. ನಾ ಕೇಳಲಿಲ್ಲ."

"ಅಕಿ ನಿಮಗ ಅಕ್ಕಾರ ಅಂತಿದ್ಲು," ಎಂದ ಅವನು. ಆಮೇಲೆ, "ಆ ಮೀನು ಎಲ್ಲಿತ್ತು?" ಎಂದು ಕೇಳಿದ.

"ಕೇಂದ್ರದ ತೊಟ್ಟಿಯಾಗ. ವರ್ಷದ ಮ್ಯಾಲ ಸಾಕಿದ್ವಿ."

"ಛಳಿಗಾಲದಾಗೂ ಅಲ್ಲೇ ಇತ್ತೇನು?"

"ಅಲ್ಲೇ. ನೀರು ಬೆಚ್ಚಗ ಇಡೋ ಯಂತ್ರ ಇತ್ತು."

"ಬೆಚ್ಚಗ ಇಟ್ರ ಅದು ಸಾಯಲಾರದ ಏನ ಮಾಡ್ತದ?" ಸಾಬಣ್ಣನ ದನಿ ಮೊದಲ ಸಲ ಏರಿತು. "ಪುಷ್ಯ ಮಾಸದಾಗ ಮಡು ಮಂಜಿನಂಗ ತಣ್ಣಗ ಆಗತದ. ಆವಾಗ ಅವು ಎಂಟು ಹತ್ತು ದಿನ ಏನೂ ತಿನ್ನಂಗಿಲ್ಲ. ಕಲ್ಲಬಂಡಿ ಸಂದ್ಯಾಗ ಸುಮ್ಮ ನಿಂತು ಬಿಳಿ ದಾರ ಬಿಡ್ತಾವ, ಗೇಣುದ್ದ. ಕೈಯಾಗ ತಿಕ್ಕಿದ್ರ ಸುಣ್ಣ. ಅದಕ್ಕs ಅಲ್ಲೇನು ಸುಣ್ಣಗೆಂಡಿ ಅನ್ನೋದು? ದಾರ ಬಿಟ್ಟ ಮ್ಯಾಲ ಮತ್ತ ಹೊಸದಾಗಿ ತಿನ್ನಾಕ ಸುರು ಮಾಡ್ತಾವ."

ನೀಲಗಂಗಾಳಿಗೆ ಈಗ ಅರ್ಥವಾಯಿತು. ಚಳಿಗೆ ಕರುಳಿನ ಒಳಪದರ ಪೂರ್ತಿ ಕಳಚಿ, ಕಾಳು ಸಮೇತ ಹೊರಗೆ ಹೋಗುತ್ತಿತ್ತು. ಕರಗುವ ಮೊದಲೇ. ಕೆಳಗಿನ ಎಳೆಯ ಕೋಶಗಳಿಂದ ಹೊಸ ಪದರ ಬೆಳೆಯುತ್ತಿತ್ತು. ಗಡಿಗೆಗೆ ಚಳಿಗಾಲವೇ ಇರಲಿಲ್ಲ. ಎಲ್ಲರೂ ಅದನ್ನು ಒಲೆಯ ಪಕ್ಕ ಇಟ್ಟುಕೊಂಡಿದ್ದರು.

"ಇದನ್ನ ನನಗ ಯಾಕ ಹೇಳಲಿಲ್ಲ ಸಾಬಣ್ಣ?"

"ನೀವು ಕೇಳಲಿಲ್ಲ. ನೀವು ಬರ್ತಿದ್ದದ್ದು ಬ್ಯಾಸಿಗ್ಯಾಗ. ಬರೇ ಮೀನು ಕೇಳಿದ್ರಿ, ನಾ ಮೀನು ಕೊಟ್ಟೆ."

ಖಾಜಾಸಾಹೇಬರು ಮೆಲ್ಲಗೆ, "ಸಾಬಣ್ಣ, ನಿಮ್ಮ ಮೀನುಗಾರರ ಸಂಘಕ್ಕ ಐಸ್ ಎಲ್ಲಿಂದ ಬರ್ತದ?" ಎಂದು ಕೇಳಿದರು.

ಪಕ್ಕದ ಮನೆಯ ಹುಲಿಗೆಮ್ಮನ ಗಡಿಗೆ ತಂದರು. ಅದು ತುಂಬಿದ ಕೊಡದಷ್ಟು ಭಾರವಿತ್ತು. ಪಟ್ಟಿ ಅದ್ದಿ ನೋಡಿದರೆ ನೀರು ಇನ್ನೂ ಸರಿಯಾಗಿತ್ತು. ಮೀನು ಸಾಗಿಸುವ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪುಡಿ ಮಾಡಿ ನೀರು ಹಾಕಿ, ಸುರುಳಿಯನ್ನು ಬಿಚ್ಚಿ ಮುಳುಗಿಸಿದರು. ಒಂದು ತಾಸು ಏನೂ ಆಗಲಿಲ್ಲ. ಎರಡನೆಯ ತಾಸಿನಲ್ಲಿ ಹಾಸಿನ ಅಂಚು ಸಡಿಲವಾಯಿತು. ಮಧ್ಯಾಹ್ನದ ಹೊತ್ತಿಗೆ ಕಾದ ಹಾಲಿನ ಕೆನೆಯಂಥ ದಪ್ಪ ಬಿಳಿ ಪದರ ಇಡಿಯಾಗಿ ಕಳಚಿಕೊಂಡು ತಳಕ್ಕೆ ಕೂತಿತು. ಬಲೆಯ ಮೇಲೆ ತೆಳ್ಳನೆಯ, ಬೂದು ಬಣ್ಣದ ಎಳೆಯ ಪದರ ಉಳಿಯಿತು. ಖಾಜಾಸಾಹೇಬರು ಅದರ ಮೂಲಕ ನೀರು ಬಿಟ್ಟು ಐದು ಸಲ ಪಟ್ಟಿ ಅದ್ದಿದರು. ಸರಿಯಾಗಿತ್ತು.

ಹೆಂಡತಿ ಸತ್ತು ಇನ್ನೂ ಮೂರನೆಯ ದಿನ. ಸಾಬಣ್ಣ ಡಬ್ಬಿಯ ತಳದ ಆ ಬಿಳಿ ಪದರವನ್ನು ಬೆರಳಿನಿಂದ ಮುಟ್ಟಿ ನೋಡಿದ. ಕೈ ಒರೆಸಿಕೊಂಡು ಎದ್ದು ನಿಂತ.

"ಸಂಘದ ಟೆಂಪೊ ನಾ ಕೇಳ್ತೀನಿ. ಐಸ್ ಕೊಡಸ್ತೀನಿ," ಎಂದ. "ಆದ್ರ ಒಂದ ಮಾತು ಮೇಡಂ. ನನಗ ಹೇಳಿದ್ದನ್ನ ಎಲ್ಲಾ ಊರಾಗ, ಎಲ್ಲಾರ ಮುಂದ ಹೇಳ್ರಿ. ಇದೇ ಮಾತಿನ್ಯಾಗ. ಮ್ಯಾಲ ಕೆಳಗ ಮಾಡಬ್ಯಾಡ್ರಿ."

ಅವಳು ಹೇಳಿದಳು. ಅವತ್ತು ಸಂಜೆ ಕಲ್ಮಡಗಿಯ ಸಮುದಾಯ ಭವನದಲ್ಲಿ, ಮರುದಿನ ಮೂರು ಊರುಗಳಲ್ಲಿ, ಅದರ ಮರುದಿನ ಇನ್ನೆರಡರಲ್ಲಿ. ಹೇಳಿ ಹೇಳಿ ಸಲೀಸಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಪ್ರತಿ ಊರಿನಲ್ಲೂ "ನಾನು ಮುಚ್ಚಿಟ್ಟೆ" ಎಂಬ ಮಾತಿಗೆ ಬಂದಾಗ ನಾಲಿಗೆ ಒಣಗುತ್ತಿತ್ತು. ಸಾಬಣ್ಣ ಜನರ ಹಿಂದೆ ನಿಂತು ಕೇಳುತ್ತಿದ್ದ. ಅವಳು ಮುಗಿಸಿದ ಮೇಲೆ ಮುಂದೆ ಬಂದು, "ಮನ್ಯಾಗಿನ ಗಡಿಗಿ ತಗೊಂಡ ಬರ್ರಿ. ಒಡೀಬ್ಯಾಡ್ರಿ," ಎನ್ನುತ್ತಿದ್ದ. ಅವನ ಮನೆಯಲ್ಲಿ ಏನಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವನ ಮಾತಿಗಾಗಿ ಜನ ಗಡಿಗೆ ತಂದರು. ಅವಳೊಬ್ಬಳೇ ಹೋಗಿದ್ದರೆ ತರುತ್ತಿರಲಿಲ್ಲ.

ಬೈದವರಿದ್ದರು. ಒಂದೂರಿನಲ್ಲಿ ಒಬ್ಬ ಮುದುಕ ಅವಳ ಮುಂದೆ ಉಗುಳಿ ಹೋದ. ಮತ್ತೊಂದು ಊರಿನಲ್ಲಿ, ಮಡಿಲಲ್ಲಿ ಕೂಸು ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಸಿಟ್ಟಿಲ್ಲದ ದನಿಯಲ್ಲಿ, "ನಿಮ್ಮ ಮನ್ಯಾಗ ಕರುಳಗಡಿಗಿ ಅದ ಏನ್ರಿ?" ಎಂದು ಕೇಳಿದಳು.

"ಇಲ್ಲ. ನಮ್ಮ ಕಡಿ ನಳದಾಗ ನದಿ ನೀರು ಬರ್ತದ."

ಹೆಂಗಸು ತಲೆಯಾಡಿಸಿ ಕೂಸಿನ ಮೇಲಿನ ಸೆರಗು ಸರಿಮಾಡಿದಳು. ಉಗುಳಿದ ಮುದುಕನಿಗಿಂತ ಅವಳೇ ನೀಲಗಂಗಾಳಿಗೆ ಹೆಚ್ಚು ನೆನಪಾಗುತ್ತಿದ್ದಳು.

ಐದನೆಯ ದಿನ ಅವಳನ್ನು ಅಮಾನತು ಮಾಡಿದ ಪತ್ರ ಫೋನಿಗೆ ಬಂತು. ಅವಳು ಓದಿ ಫೋನು ಚೀಲಕ್ಕೆ ಹಾಕಿದಳು, ಐಸ್ ಒಡೆಯುವುದಿತ್ತು. ಮುರಗೋಡರು ಪತ್ರ ಕಳಿಸಿದ ಮರುದಿನವೇ ಕೇಂದ್ರದ ಎರಡು ಜೀಪುಗಳಲ್ಲಿ ಪರೀಕ್ಷೆ ಪಟ್ಟಿ, ಐಸ್ ಡಬ್ಬಿ, ಆರು ಜನರನ್ನು ಕಳಿಸಿದರು. ಏಳನೆಯ ದಿನ ಇನ್ನೂ ಮುಟ್ಟದ ಊರೊಂದರಿಂದ ಸುದ್ದಿ ಬಂತು: ಒಂದೇ ಮನೆಯಲ್ಲಿ ಇಬ್ಬರು, ಗಂಡ ಹೆಂಡತಿ. ಗಂಡ ದಾರಿಯಲ್ಲೇ ಹೋದ, ಹೆಂಡತಿ ಆಸ್ಪತ್ರೆ ಮುಟ್ಟಿದ ಮೇಲೆ. ಮೊದಲು ಆ ಊರಿಗೆ ಹೋಗಿದ್ದರೆ ಎಂದು ನೀಲಗಂಗಾ ದಾರಿಯ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಾಬಣ್ಣ ಅವಳ ಕೈಯಿಂದ ನಕ್ಷೆ ತೆಗೆದುಕೊಂಡು ಮಡಿಸಿ, "ಉಳದ ಊರು ಎಷ್ಟು ಅದಾವ ಅದನ್ನ ನೋಡ್ರಿ," ಎಂದ.

ಹನ್ನೆರಡನೆಯ ದಿನ ನಾಲ್ಕು ಗಂಟೆಯ ಹೊತ್ತಿಗೆ ಕೊನೆಯ ಊರಿನ ಕೊನೆಯ ಗಡಿಗೆಯ ಪದರ ಕಳಚಿತು. ಖಾಜಾಸಾಹೇಬರು ಪಟ್ಟಿ ಅದ್ದಿ ನೋಡಿ, ಸರಿ ಎಂದು ಕೈ ಎತ್ತಿದರು. ಇನ್ನು ಮೇಲೆ ವರ್ಷಕ್ಕೊಮ್ಮೆ ಪುಷ್ಯದಲ್ಲಿ ಎಲ್ಲ ಗಡಿಗೆಗಳಿಗೂ ಐಸಿನ ಸ್ನಾನ ಮಾಡಿಸುವುದೆಂದು ಪ್ರತಿ ಊರಿನಲ್ಲಿ ಇಬ್ಬಿಬ್ಬರಿಗೆ ಕಲಿಸಿ ಆಗಿತ್ತು. ಖಾಜಾಸಾಹೇಬರು ಕೇಂದ್ರದ ಜೀಪಿನಲ್ಲಿ ಹೋದರು. ವಿಚಾರಣಾ ಸಮಿತಿಯ ಮುಂದೆ ಸೋಮವಾರ ಅವರೂ ನೀಲಗಂಗಾಳೂ ಹಾಜರಾಗಬೇಕಿತ್ತು.

ನೀಲಗಂಗಾ ಸಾಬಣ್ಣನ ಜೊತೆ ಟೆಂಪೊದ ಮುಂದೆ, ಡ್ರೈವರನ ಪಕ್ಕ ಕೂತಳು. ಹಿಂದೆ ಖಾಲಿ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹನ್ನೆರಡು ದಿನದಲ್ಲಿ ಅವರಿಬ್ಬರ ನಡುವೆ ಐಸು, ಗಡಿಗೆ, ದಾರಿ ಬಿಟ್ಟರೆ ಬೇರೆ ಮಾತು ಆಗಿರಲಿಲ್ಲ. ಈಗ ಕೆಲಸ ಮುಗಿದಿತ್ತು. ಅವಳು ಅವನ ಕಡೆ ತಿರುಗಿದಳು.

"ಸಾಬಣ್ಣ, ನಾನು ನಿಮಗ..."

"ಸುಮ್ಮ ಕೂಡ್ರಿ ಮೇಡಂ," ಎಂದ ಸಾಬಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ದಣಿವಿತ್ತು. "ಹನ್ನೆರಡು ದಿನ ಆತು. ಅಕಿನ್ನ ನೆನಸ್ಕೊಳ್ಳಾಕ ನನಗ ಈಗ ಹೊತ್ತು ಸಿಕ್ಕದ."

ಅವನು ಹೆಗಲ ಮೇಲಿನ ಟವಲು ತೆಗೆದು ಮುಖಕ್ಕೆ ಒತ್ತಿಕೊಂಡ. ಭುಜ ಅಲುಗತೊಡಗಿತು.

ಕ್ಷಮಿಸಿದ್ದೇನೆ ಎಂದು ಅವನ ಬಾಯಿಂದ ಒಂದು ಮಾತು ಕೇಳಲು ತಾನು ಹೊರಟಿದ್ದೆ, ಇವತ್ತೂ ಅವನಿಂದ ಏನನ್ನೋ ತೆಗೆದುಕೊಳ್ಳಲು ಹೊರಟಿದ್ದೆ ಎಂದು ನೀಲಗಂಗಾಳಿಗೆ ಅರಿವಾಯಿತು. ಕಲ್ಮಡಗಿ ಇನ್ನು ಆರೇಳು ಕಿಲೋಮೀಟರ್ ಇತ್ತು. ಅವಳು ಡ್ರೈವರನ ಕಡೆ ನೋಡಿ, ನಿಧಾನವಾಗಿ ಹೋಗು ಎಂದು ಕೈಸನ್ನೆ ಮಾಡಿದಳು.